ಆಷಾಢದ ಮಳಿಗೆಯಲ್ಲಿ ರೋಬೋಟು

ವೈಜ್ಞಾನಿಕ ಮನೋಭಾವವನ್ನು ಬೋಧಿಸುವುದು ಸುಲಭ. ಅದಕ್ಕೆ ಬಾಡಿಗೆಯಿಲ್ಲದ ಜಾಗ ಹುಡುಕುವುದು ಕಷ್ಟ. ಪೀಣ್ಯದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನನ್ನಲ್ಲಿ ಧಾರಾಳವಾಗಿ ಉಳಿದದ್ದು ಕಾಲವೊಂದೇ. ಅದನ್ನು ಲಗ್ಗೆರೆಯ ಶಾಲೆಯೊಂದರ ರೋಬೋಟ್ ತಂಡಕ್ಕೆ ದಾನ ಮಾಡಲು ಹೋದೆ. ಇಂಥ ದಾನಿಗಳನ್ನು ಈಗ ಮೆಂಟರ್ ಎನ್ನುತ್ತಾರೆ. ಮಕ್ಕಳು ವಿನಯದಿಂದ ಸ್ವೀಕರಿಸಿದರು, ಆದರೆ ಅವರಿಗೆ ಬೇಕಾಗಿದ್ದದ್ದು ನೆಲ. ಕಪ್ಪು ಪಟ್ಟಿಯ ಗುಂಟ ತಾನಾಗಿ ಓಡುವ ಗಾಡಿ ಅವರದು. ಪಟ್ಟಿ ಹಾಸಲು ಒಂದು ಕೋಣೆಯಷ್ಟಾದರೂ ಜಾಗ ಬೇಕು. ಭಾನುವಾರ ಶಾಲೆಗೆ ಬೀಗ. ತಂಡದ ನಾಯಕಿ ಶಾಂತವ್ವಳ ಮನೆಯ ಒಂದೇ ಕೋಣೆಯಲ್ಲಿ, ರಾತ್ರಿ ಪಾಳಿ ಮುಗಿಸಿದ ಅವಳಪ್ಪ ಹಗಲೆಲ್ಲ ಮಲಗಿರುತ್ತಾರೆ.

"ಅಪ್ಪನ ಸುತ್ತಾನ ಪಟ್ಟಿ ಹಾಕಿ ನೋಡೀವ್ರಿ ಸರ್. ಅವರು ಮಗ್ಗಲಾ ಬದಲಿಸಿದ್ರ ಗಾಡಿ ಪಲ್ಟಿ ಆಗ್ತೈತ್ರಿ."

ಕಾಪಾಡಿದ್ದು ಆಷಾಢ. ಮುನಿರಾಜಣ್ಣನವರ ರಾಗಿ ಹೊಲವಿದ್ದಲ್ಲಿ ಈಗ ಅವರ ಮಳಿಗೆಗಳಿವೆ. ಆಷಾಢದಲ್ಲಿ ಯಾರೂ ಹೊಸ ಅಂಗಡಿ ತೆರೆಯುವುದಿಲ್ಲವಾದ್ದರಿಂದ ಖಾಲಿ ಮಳಿಗೆಯೊಂದರ ಬೀಗದ ಕೈ ನಮಗೆ ಸಿಕ್ಕಿತು. ಸ್ಪರ್ಧೆ ಶ್ರಾವಣದ ಮೊದಲ ಭಾನುವಾರ. ಗಾಡಿ ಇನ್ನೂ ತಿರುವಿನಲ್ಲಿ ಹಾದಿ ತಪ್ಪುತ್ತಿತ್ತು. ನಾನು ಮಾತ್ರ ಎಲ್ಲೂ ನಿಲ್ಲದೆ ಉಪದೇಶಿಸುತ್ತಿದ್ದೆ.

"ಪರೀಕ್ಷಿಸದೆ ಏನನ್ನೂ ನಂಬಬೇಡಿ" ಎಂಬ ಘಟ್ಟಕ್ಕೆ ಬಂದಿದ್ದಾಗ ಮುನಿರಾಜಣ್ಣ ಬಾಗಿಲಲ್ಲಿ ನಿಂತರು.

"ಸಾರ್, ಬೀಗದ ಕೈ ಕೊಟ್ಬಿಡಿ. ಮೊಬೈಲ್ ಅಂಗಡಿಯೋರು ನಾಳೇನೇ ಬತ್ತಾರಂತೆ. ಆಷಾಢ ಗೀಷಾಢ ಅವ್ರು ನಂಬಲ್ವಂತೆ."

ಇಡೀ ಲಗ್ಗೆರೆಯಲ್ಲಿ ನನ್ನ ಬೋಧನೆಗೆ ತಕ್ಕವನೊಬ್ಬ ಕೊನೆಗೂ ಹುಟ್ಟಿಕೊಂಡಿದ್ದ. ಮಕ್ಕಳು ನನ್ನ ಮುಖ ನೋಡಿದರು. ಶಾಂತವ್ವ ಗಾಡಿಯನ್ನು ಎತ್ತಿ ಎದೆಗವಚಿಕೊಂಡಳು. ನಾನು ಗಂಭೀರವಾಗಿ ಕನ್ನಡಕ ತೆಗೆದೆ.

"ಅವರು ನಂಬದಿದ್ರೆ ಬಿಡಿ. ಮಳಿಗೆ ಯಾರದು? ಹೆಚ್ಚುಕಮ್ಮಿ ಆದ್ರೆ ಯಾರ ಮನೆಗೆ ತಟ್ಟುತ್ತೆ?"

"ಅಂಗಂತೀರಾ?"

"ನಿಮ್ಮಿಷ್ಟ."

ಈ 'ನಿಮ್ಮಿಷ್ಟ'ಕ್ಕಿರುವ ಶಕ್ತಿ ಯಾವ ಮಂತ್ರಕ್ಕೂ ಇಲ್ಲ. ಮುನಿರಾಜಣ್ಣ ಚಪ್ಪಲಿ ಬಿಟ್ಟು ಒಳಗೇ ಬಂದರು.

"ಅಂಗಾದ್ರೆ ನೀವೇ ಒಂದ್ ಒಳ್ಳೆ ದಿನ ಯೋಳ್ಬುಡಿ ಸಾರ್, ಓದ್ದೋರು."

ಕಣ್ಣು ಮುಚ್ಚಿ, ಬೆರಳು ಮಡಿಸಿ, ಸ್ಪರ್ಧೆಯ ಮರುದಿನವನ್ನು ದಯಪಾಲಿಸಿದೆ. ಅವರು ಕೈಮುಗಿದು ಹೋದರು.

"ಸರ್ರ, ಇದನ್ನ ಪರೀಕ್ಷೆ ಮಾಡೀರೇನ್ರಿ?" ಎಂದಳು ಶಾಂತವ್ವ.

"ನೀನು ಗಾಡಿ ನೋಡಮ್ಮ" ಎಂದೆ.

ಸ್ಪರ್ಧೆಯಲ್ಲಿ ಗಾಡಿ ತಿರುವು ದಾಟಿತು. ಬಹುಮಾನ ಬರಲಿಲ್ಲ, ಆದರೆ ಮಕ್ಕಳು ಮನೆಯವರೆಗೂ ಕುಣಿದುಕೊಂಡು ಬಂದರು. ದುರದೃಷ್ಟವಶಾತ್ ಮೊಬೈಲ್ ಅಂಗಡಿಯ ವ್ಯಾಪಾರವೂ ಸಕ್ಕತ್ತಾಗಿ ಕುದುರಿತು. ಈಗ ಸುತ್ತಲಿನ ಮಾಲೀಕರೆಲ್ಲ ಮುಹೂರ್ತ ಕೇಳಿಕೊಂಡು ನನ್ನಲ್ಲಿಗೇ ಬರುತ್ತಾರೆ. ಹೇಳಿ ಕಳಿಸುತ್ತೇನೆ. ಮಳಿಗೆ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯ ದಿನ ಯಾಕೋ ಬಹಳ ದೂರ ಬೀಳುತ್ತದೆ.