ಟೈನಿ ಮತ್ತು ಬಿಷಪ್ ಅವರ ಬೀಳ್ಕೊಡುಗೆಯ ವಿಚಾರವಾಗಿ

ಶ್ರೀ ಕಾರ್ಯಕೇಂದ್ರ ಮೂರು, ದುರಸ್ತಿ ವಿಭಾಗ, ಇವರ ಸನ್ನಿಧಾನಕ್ಕೆ,
ಪ್ರಧಾನ ಕಚೇರಿಯ ಕಂಪ್ಯೂಟರಿನ ಒಳಗೆ, ಬ್ರಿಸ್ಬೇನ್.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಬೆಳಿಗ್ಗೆ ಆರಕ್ಕೆ ಪಾಳಿ ಆರಂಭ, ಮಧ್ಯಾಹ್ನ ಎರಡಕ್ಕೆ ಮುಕ್ತಾಯ, ನಡುವೆ ಚಹಾಕ್ಕೆ ಬಿಡುವು, ದಕ್ಷತೆ ನೂರಕ್ಕೆ ನೂರು ಎಂದು ಜಾತಕದಲ್ಲೇ ಬರೆಸಿಕೊಂಡು ಹುಟ್ಟಿದ ತಮಗೆ ಕ್ಷೇಮವಲ್ಲದೆ ಇನ್ನೇನು ಬರಲು ಸಾಧ್ಯ? ನಾವಿಬ್ಬರೂ ಮುಖಾಮುಖಿ ಭೇಟಿಯಾಗಿಲ್ಲ. ಆದರೂ ತಮ್ಮ 'ಜವಾಬ್ದಾರಿ ಹೊತ್ತ ವ್ಯಕ್ತಿ' ಎಂಬ ಖಾನೆಯಲ್ಲಿ ಟಲ್ಲಾರೂ ಕ್ರೀಕ್ ಸಕ್ಕರೆ ಕಾರ್ಖಾನೆಯ ಫಿಟರುಗಳ ಮುಖ್ಯಸ್ಥೆಯಾದ ನನ್ನ ಹೆಸರೇ ಇರುವುದರಿಂದ, ಈ ಸಲುಗೆಯನ್ನು ಮನ್ನಿಸಬೇಕು. ಖಾಸಗಿಯಾಗಿ ಬರೆದಾಗಲೆಲ್ಲ 'ತಮ್ಮ ಸಂದೇಶ ನಮಗೆ ಅಮೂಲ್ಯ' ಎಂಬ ಒಂದೇ ಉತ್ತರ ಬಂದದ್ದರಿಂದ ಈ ಸಲ ಕ್ಯಾಂಟೀನಿನ ಗೋಡೆಗೆ ಅಂಟಿಸುತ್ತಿದ್ದೇನೆ.

ತಾವು ಹುಟ್ಟುವ ಮೊದಲು ನಮ್ಮದು ಕಾಡು ಬದುಕು. ಅರ್ಧ ವರ್ಷ ಕಾರ್ಖಾನೆ ಕಬ್ಬು ಅರೆಯುತ್ತಿತ್ತು, ಇನ್ನರ್ಧ ವರ್ಷ ನಾವು ಅದನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸುತ್ತಿದ್ದೆವು. ಯಾರು ಯಾವ ಕೆಲಸ ಮಾಡಬೇಕೆಂಬುದು ಸ್ಮೋಕೋ ಎಂದು ನಾವು ಕರೆಯುವ ಬಿಡುವಿನಲ್ಲಿ, ಚಹಾದ ಮುಂದೆ, ಬೈಗುಳದ ನಡುವೆ ತೀರ್ಮಾನವಾಗುತ್ತಿತ್ತು. ಜೂನ್ ಬಂದಾಗ ಕಬ್ಬು ತುಂಬಿದ ಮೊದಲ ರೈಲು ಬರುವ ಹೊತ್ತಿಗೆ ಗಾಣಗಳು ತಿರುಗುತ್ತಿದ್ದವು. ಇಷ್ಟು ಅನಾಗರಿಕವಾಗಿ ನಾವು ಇಷ್ಟು ವರ್ಷ ಸಕ್ಕರೆ ಮಾಡಿದೆವಲ್ಲ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕೆಲಸ ಹಂಚುವ ಕಂಪ್ಯೂಟರಿನಲ್ಲಿ ತಮಗೆ ಜನ್ಮ ಕೊಟ್ಟು ಈ ಕತ್ತಲನ್ನು ನೀಗಲೆಂದು ಫೆಬ್ರವರಿಯ ಮಳೆಯಲ್ಲಿ ಪ್ರಧಾನ ಕಚೇರಿಯಿಂದ ಶ್ರೀ ರೂಪರ್ಟ್ ಪಿಂಚ್‌ಬೆಕ್ ಅವರು ಲ್ಯಾಪ್‌ಟಾಪ್ ಹಿಡಿದು ಬಂದರು. ಪ್ರತಿ ಶೆಡ್ಡಿಗೂ ಹೋಗಿ, ಇಲ್ಲಿ ದುರಸ್ತಿ ಮಾಡುವವರು ಯಾರು ಎಂದು ಕೇಳಿ, ಎದುರಿಗೆ ಇದ್ದವರ ನೌಕರ ಸಂಖ್ಯೆಯನ್ನು, ಮಾನ್ಯರೇ, ತಮ್ಮ ಹೊಟ್ಟೆಗೆ ಇಳಿಸುವುದು ಅವರ ಕ್ರಮ. ಆದರೆ ನಮ್ಮ ಕಾರ್ಖಾನೆಯಲ್ಲಿ ಯಾರನ್ನೂ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುವ ಪದ್ಧತಿಯಿಲ್ಲ, ಹೊರಗಿನವರಿಗೆ ಅಡ್ಡಹೆಸರು ಬಿಡಿಸಿ ಹೇಳುವ ಪದ್ಧತಿಯಂತೂ ಮೊದಲೇ ಇಲ್ಲ. ಗಾಣದ ಶೆಡ್ಡಿನವರು ಹೇಳಿದರು: "ಚೂಕ್ ಇದಾನಲ್ಲ, ಈಗಷ್ಟೇ ಬಾಯ್ಲರ್ ಕಡೆ ಹೋದ." ಬಾಯ್ಲರಿನವರು ಹೇಳಿದರು: "ಟೈನಿ ಇಲ್ದೆ ಇಲ್ಲಿ ಒಂದು ಬೋಲ್ಟೂ ತಿರುಗಲ್ಲ ಸ್ವಾಮಿ. ಈಗ್ತಾನೆ ಎಂಜಿನ್ ಶೆಡ್‌ಗೆ ಹೋದ ನೋಡಿ." ಎಂಜಿನ್ ಶೆಡ್ಡಿನವರು ಹೇಳಿದರು: "ಬಿಷಪ್ ಬಂದಿದ್ದ, ಮುಗಿಸಿ ಗಾಣದ ಕಡೆ ಹೊರಟ." ಸಾಹೇಬರು ಮೂವರನ್ನೂ ಬರೆದುಕೊಂಡು, ನೌಕರ ಸಂಖ್ಯೆ ಆಮೇಲೆ ತುಂಬಿದರಾಯಿತು ಎಂದು ಆ ಜಾಗ ಖಾಲಿ ಬಿಟ್ಟು, ಸಂಜೆಯ ವಿಮಾನ ಹಿಡಿದರು.

ಯಾರೂ ಸುಳ್ಳು ಹೇಳಲಿಲ್ಲ, ಮಾನ್ಯರೇ. ಮನೆಯಲ್ಲಿ ಕೋಳಿ ಸಾಕಿ ಮೊಟ್ಟೆ ಹಂಚುವುದರಿಂದ ಗಾಣದವರಿಗೆ ಅವನು ಚೂಕ್, ಅಂದರೆ ಕೋಳಿ. ಬಾಗಿಲಲ್ಲಿ ಅಡ್ಡ ತಿರುಗದೆ ನುಗ್ಗಲಾಗದಷ್ಟು ದೊಡ್ಡ ದೇಹ ಇರುವುದರಿಂದ ಬಾಯ್ಲರಿನವರಿಗೆ ಟೈನಿ, ಅಂದರೆ ಪುಟಾಣಿ. ಒಂದು ವರ್ಷ ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಬೈಯುವುದನ್ನೇ ಬಿಟ್ಟಿದ್ದಕ್ಕೆ ಎಂಜಿನ್ ಶೆಡ್ಡಿನವರು ಇಂದಿಗೂ ಕ್ಷಮಿಸದೆ ಬಿಷಪ್ ಎನ್ನುತ್ತಾರೆ. ಕಾರ್ಮೆನು ಬುಜೇಯಾ ಎಂಬ ನಿಜವಾದ ಹೆಸರು ಗೊತ್ತಿರುವುದು ಬ್ಯಾಂಕಿಗೆ, ಸಂಬಳದ ವಿಭಾಗಕ್ಕೆ ಮತ್ತು ಹೆಂಡತಿ ಡೊಲೋರೆಸ್‌ಗೆ. ಅವಳೂ ಫೋನ್ ಮಾಡಿದರೆ "ಚೂಕ್ ಇದಾನಾ?" ಎಂದೇ ಕೇಳುತ್ತಾಳೆ.

ಹೀಗೆ ಊರಿಗೊಬ್ಬಳೇ ಪದ್ಮಾವತಿ ಎಂಬಂತಿದ್ದ ನಮ್ಮ ಫಿಟರನನ್ನು ತಾವು ಮೂವರನ್ನಾಗಿ ಮಾಡಿ ಹರಸಿದಿರಿ. ಅಂದಿನಿಂದ ಒಂದೇ ಬೆಳಿಗ್ಗೆ, ಒಂದೇ ಗಂಟೆಗೆ, ಚೂಕ್ ಎರಡನೇ ಗಾಣದ ರೋಲರ್ ಕೂರಿಸಬೇಕು, ಟೈನಿ ಬಾಯ್ಲರಿನ ನೀರಿನ ಪಂಪಿಗೆ ಬೇರಿಂಗ್ ಹಾಕಬೇಕು, ಬಿಷಪ್ ಕಬ್ಬಿನ ರೈಲಿನ ಎಂಜಿನ್ನಿನ ಚಕ್ರ ಬಿಚ್ಚಬೇಕು ಎಂದು ತಮ್ಮ ಅಪ್ಪಣೆಗಳು ಬರತೊಡಗಿದವು. ಉಳಿದ ಫಿಟರುಗಳಿಗೂ ಬೇರೆ ಬೇರೆ ಅಪ್ಪಣೆಗಳಿದ್ದವು. ಕಾರ್ಮೆನು ದೂರಲಿಲ್ಲ. ಅವನು ಓಡಿದ. ಓಡಿ ಓಡಿ ಎಡಮಂಡಿ ಊದಿ ಪಪ್ಪಾಯಿಯಷ್ಟಾದಾಗ ಮಾತ್ರ ಐಸಿನ ಚೀಲ ಕಟ್ಟಿಕೊಂಡು ಬಂದು, "ಹೆಸ್ಟರ್ ಆಂಟಿ, ಆ ಬಿಷಪ್‌ಗೆ ಸ್ವಲ್ಪ ಹೇಳಿ, ಚೂಕ್‌ಗೆ ಒಂದು ಕೈ ಕೊಡು ಅಂತ. ಅವನು ಕೂತ್ಕೊಂಡು ತಿಂತಿದಾನೆ" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅವನು ಕುಳಿತುಕೊಳ್ಳುವಾಗ ಬೆಂಚು ಹಿಡಿದುಕೊಂಡ ರೀತಿಯನ್ನು ನಾನು ನೋಡಿದ್ದೆ.

ಇನ್ನೊಬ್ಬ ಫಿಟರ್ ಬೇಕೆಂದು ತಮ್ಮಲ್ಲಿ ವಿನಂತಿಸಿದೆ. ಜನ ಅಗತ್ಯಕ್ಕಿಂತ ಹೆಚ್ಚಿದ್ದಾರೆ ಎಂದು ಹಸಿರು ಬಣ್ಣದಲ್ಲಿ ಉತ್ತರಿಸಿದಿರಿ. ಪಿಂಚ್‌ಬೆಕ್ ಸಾಹೇಬರಿಗೆ ಫೋನ್ ಮಾಡಿ, ಆ ಮೂವರೂ ಒಬ್ಬನೇ ಎಂದೆ. ಅವರು ತಾಳ್ಮೆಯಿಂದ, "ಹೆಸ್ಟರ್, ಪರದೆ ಮೇಲೆ ಮೂರು ಕಾಣ್ತಿದೆ. ಒಮ್ಮೆ ಚಾಲನೆಗೆ ಬಂದ್ಮೇಲೆ ಮುಟ್ಟೋ ಹಾಗಿಲ್ಲ. ಈ ಸೀಸನ್ ಮುಗೀಲಿ, ನೋಡೋಣ" ಎಂದರು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಕಟ್ಟಿದ ಮೇಲೆ ಹಾಲು ಕರೆದು ತಾ ಎಂದವರನ್ನು ಅಂದು ಮೊದಲು ಕಂಡೆ.

ಮೇ ತಿಂಗಳಲ್ಲಿ ತಮ್ಮ ಅಂತಿಮ ವರದಾನ ಬಂತು. ಕಾರ್ಯಕೇಂದ್ರ ಮೂರರಲ್ಲಿ ಸಾಮರ್ಥ್ಯ ಹೆಚ್ಚು, ಮುಗಿದ ಕೆಲಸ ಕಡಿಮೆ, ಆದ್ದರಿಂದ ಇಬ್ಬರನ್ನು ಕೆಲಸದಿಂದ ಬಿಡತಕ್ಕದ್ದು, ಹೆಸರುಗಳನ್ನು ಮುಖ್ಯಸ್ಥರೇ ಸೂಚಿಸತಕ್ಕದ್ದು. ಸ್ಮೋಕೋ ಕೋಣೆಯಲ್ಲಿ ಅದನ್ನು ಓದಿದಾಗ ಚಹಾ ಆರಿತು, ಯಾರೂ ಕುಡಿಯಲಿಲ್ಲ. ನಮ್ಮ ಫಿಟರುಗಳಲ್ಲಿ ಕೊನೆಯದಾಗಿ ಸೇರಿದ ಆಲ್ಡೋ, ಮೊನ್ನೆಯಷ್ಟೇ ಮಗುವಿನ ತಂದೆಯಾದವನು, ಬೂಟು ನೋಡುತ್ತ ಕುಳಿತ. ಆಗ ಕಾರ್ಮೆನು ಬಿಸ್ಕತ್ತು ಅದ್ದುತ್ತ, "ಅದಕ್ಯಾಕೆ ತಲೆ ಕೆಡಿಸ್ಕೋತೀರಿ? ಟೈನೀನೂ ಬಿಷಪ್ಪನ್ನೂ ಕಳ್ಸಿ. ಇಬ್ರೂ ಶುದ್ಧ ಸೋಮಾರಿಗಳು. ನಾನು ಅವರನ್ನ ಹತ್ತಿರದಿಂದ ಬಲ್ಲೆ" ಎಂದ. ನಾನು ಆ ಎರಡು ಹೆಸರನ್ನು ಕಳುಹಿಸಿದೆ. ಪಂಪಿನ ಒಂದು ವಾಷರ್‌ಗೆ ತಿಂಗಳುಗಟ್ಟಲೆ ಯೋಚಿಸುವ ತಾವು ಊಟದ ಹೊತ್ತಿಗೆ ಮಂಜೂರಾತಿ ಕೊಟ್ಟಿರಿ.

ಬೀಳ್ಕೊಡುಗೆಯ ವೈಭವವನ್ನು ತಾವು ಕಾಣಬೇಕಿತ್ತು. ಪಿಂಚ್‌ಬೆಕ್ ಸಾಹೇಬರು ಸ್ವತಃ ಬಂದರು, ಎರಡು ಐಸ್‌ಪೆಟ್ಟಿಗೆಗಳ ಉಡುಗೊರೆ ತಂದರು. ಇಬ್ಬರೂ ಸಂಕೋಚದ ಸ್ವಭಾವದವರು, ಜನರ ಮುಂದೆ ಬರುವುದಿಲ್ಲ ಎಂದು ನಾವು ತಿಳಿಸಿದಾಗ, ಅವರು ಅರ್ಥವಾಯಿತೆಂಬಂತೆ ತಲೆಯಾಡಿಸಿ ಭಾಷಣಕ್ಕೆ ನಿಂತರು. "ಫೆಬ್ರವರಿಲಿ ಟೈನಿ ಜೊತೆ ನಾನು ತುಂಬ ಹೊತ್ತು ಮಾತಾಡಿದ್ದೆ. ಚಿಕ್ಕ ಆಳು, ಆದ್ರೆ ದೊಡ್ಡ ಮನಸ್ಸು. ಬಿಷಪ್ ಕೈ ಕುಲುಕಿದಾಗ, ಇವನು ನಂಬೋ ಮನುಷ್ಯ ಅಂತ ಅವತ್ತೇ ಅನ್ನಿಸ್ತು" ಎಂದಾಗ ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಸಾಸೇಜು ಸುಡುತ್ತಿದ್ದ ಕಾರ್ಮೆನು ಅವರಿಗೆ ಈರುಳ್ಳಿ ಹಾಕಿದ ಒಂದನ್ನು ಬ್ರೆಡ್ಡಿನಲ್ಲಿಟ್ಟು ಕೊಟ್ಟು, ಎರಡೂ ಐಸ್‌ಪೆಟ್ಟಿಗೆಗಳನ್ನು ತಾನೇ ತಲುಪಿಸುವುದಾಗಿ ಒಪ್ಪಿಕೊಂಡ.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ, ಮಾನ್ಯರೇ, ಬದಲಿಗೆ ತಮಗೂ ಒಂದು ಸಾಸೇಜು ಕಳುಹಿಸುತ್ತಿದ್ದೆ. ಆದರೆ ಇಬ್ಬರು ಹೋದ ಖುಷಿಯಲ್ಲಿ ತಾವು ಸಂಬಳದ ಪಟ್ಟಿಯನ್ನೂ ತಮ್ಮ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿದಿರಿ. ಕಾರ್ಮೆನು ಬುಜೇಯಾ ಎಂಬ ಒಬ್ಬ ಮನುಷ್ಯ ತಪ್ಪದೆ ಸಂಬಳ ಪಡೆಯುತ್ತಿದ್ದಾನೆ, ಆದರೆ ಯಾವ ಕಾರ್ಯಕೇಂದ್ರದಲ್ಲೂ ಇಲ್ಲ, ಫೆಬ್ರವರಿಯಿಂದ ಒಂದೇ ಒಂದು ಕೆಲಸವೂ ಅವನ ಹೆಸರಿನಲ್ಲಿ ದಾಖಲಾಗಿಲ್ಲ ಎಂದು ಪತ್ತೆಹಚ್ಚಿದಿರಿ. ಕೆಲಸ ಮಾಡದೆ ಕೂಲಿ ತಿಂದ ಆರೋಪಕ್ಕೆ ಅವನನ್ನು ಯಾಕೆ ವಜಾ ಮಾಡಬಾರದೆಂದು ವಿವರಿಸಲು ಸೋಮವಾರ ಬ್ರಿಸ್ಬೇನಿಗೆ ಕರೆದಿದ್ದೀರಿ. ಅದೇ ಸೋಮವಾರ ನಮ್ಮಲ್ಲಿ ಮೊದಲ ಕಬ್ಬು ಅರೆಯುವುದು.

ನಾನು ಮತ್ತೆ ಫೋನ್ ಮಾಡಿದೆ. ಚೂಕ್, ಟೈನಿ, ಬಿಷಪ್ ಎಲ್ಲರೂ ಈ ಕಾರ್ಮೆನುವೇ ಎಂದೆ. ಸಾಹೇಬರು ಮೆಲ್ಲಗೆ, "ಹಾಗಿದ್ರೆ ನಾನು ಭಾಷಣ ಮಾಡಿದ್ದು ಯಾರ ಬಗ್ಗೆ, ಹೆಸ್ಟರ್? ಅದರ ಫೋಟೋ ಕಂಪನಿ ಪತ್ರಿಕೇಲಿ ಬಂದಿದೆ" ಎಂದರು. ಅವರಿಗೆ ಸತ್ಯ ತಿಳಿಯಿತು ಎಂಬುದು ನನಗೆ ತಿಳಿಯಿತು. "ಬಿಷಪ್ ಕೈ ನಾನೇ ಕುಲುಕಿದ್ದೀನಿ" ಎಂದು ಹೇಳಿ ಅವರು ಫೋನಿಟ್ಟರು. ನನಗೆ ಸಿಟ್ಟು ಬಂತು, ಈಗಲೂ ಇದೆ. ಒಬ್ಬ ಮನುಷ್ಯನ ಅನ್ನಕ್ಕಿಂತ ಒಂದು ಭಾಷಣದ ಮರ್ಯಾದೆ ಹೆಚ್ಚಾಯಿತಲ್ಲ ಎಂಬುದಕ್ಕೆ ಬಂದ ಸಿಟ್ಟು ಅದು.

ಆದ್ದರಿಂದ ತಮ್ಮ ಪಾದಗಳಲ್ಲಿ, ಅವು ಇದ್ದರೆ, ಇಷ್ಟು ಬಿನ್ನಹ. ಕಾರ್ಮೆನು ದುಡಿದದ್ದನ್ನು ಉಳಿದವರೆಲ್ಲರಿಗಿಂತ ಹತ್ತಿರದಿಂದ ಕಂಡವರು ಟೈನಿ ಮತ್ತು ಬಿಷಪ್. ಅವರು ತಮ್ಮ ಹೊಟ್ಟೆಯಲ್ಲಿ ಇನ್ನೂ ಜೀರ್ಣವಾಗದೆ ಉಳಿದಿದ್ದರೆ, ಒಂದು ದಿನದ ಮಟ್ಟಿಗೆ ಸಾಕ್ಷಿಗೆ ಕಳುಹಿಸಿಕೊಡಿ. ಅದು ನಿಯಮಕ್ಕೆ ವಿರುದ್ಧವಾದರೆ ಸೋಮವಾರ ಬೆಳಿಗ್ಗೆ ಆರಕ್ಕೆ ತಾವೇ ದಯಮಾಡಿಸಿ, ಎರಡನೇ ಗಾಣದ ಎಡಗಡೆ ನಿಂತು, ರೋಲರ್ ಬಿಸಿಯಾಗುವ ಮೊದಲು ಅದರ ಸದ್ದು ಬದಲಾಗುವುದನ್ನು ಕಾರ್ಮೆನುವಿನಂತೆ ಕೇಳಿಸಿಕೊಳ್ಳಿ. ನೂರಕ್ಕೆ ನೂರು ದಕ್ಷತೆಯವರಿಗೆ ಇದೇನು ಮಹಾ! ತಮಗಾಗಿ ಒಂದು ಜೊತೆ ಬೂಟು ತೆಗೆದಿಟ್ಟಿದ್ದೇನೆ, ಕಾಲಿನ ಅಳತೆ ತಿಳಿಸಿದರೆ ಉಪಕಾರ. ತಮಗೆ ಬರಲು ಬಿಡುವಿಲ್ಲವೆಂದಾದರೆ, ಚೂಕ್ ಹೆಸರಿನ ಮುಂದೆ ಖಾಲಿ ಬಿಟ್ಟಿರುವ ಆ ಒಂದು ಜಾಗದಲ್ಲಿ ಕಾರ್ಮೆನುವಿನ ನೌಕರ ಸಂಖ್ಯೆಯನ್ನು ತುಂಬಿಕೊಳ್ಳಿ. ಅದಕ್ಕೆ ಬೂಟು ಬೇಕಾಗಿಲ್ಲ.

ತಮ್ಮ ಖಾನೆಯೊಂದರಲ್ಲಿ ಹೊಣೆ ಹೊತ್ತು ನಿಂತಿರುವ,
ತಮ್ಮ ವಿಶ್ವಾಸಿ,
ಹೆಸ್ಟರ್ ಟನ್ನಾ
ಟಲ್ಲಾರೂ ಕ್ರೀಕ್

ತಾ.ಕ.: ಸೋಮಾರಿಗಳಿಬ್ಬರು ತೊಲಗಿದ ಮೇಲೆ ಅವರ ಕೆಲಸವೆಲ್ಲ ಚೂಕ್ ಹೆಸರಿಗೆ ಬಂದು, ಅವನ ಸಾಧನೆ ಏಕಾಏಕಿ ಏರಿರುವುದನ್ನು ತಾವು ಗಮನಿಸಿ, ಅವನನ್ನು ವರ್ಷದ ಮಾದರಿ ನೌಕರನೆಂದು ಆರಿಸಿರುವುದಕ್ಕೆ ಕೃತಜ್ಞತೆಗಳು. ಆ ಗೌರವದ ಅಂಗವಾಗಿ ಕಾರ್ಮೆನು ಬುಜೇಯಾನ ವಿಚಾರಣಾ ಸಮಿತಿಯಲ್ಲಿ ನೌಕರರ ಪ್ರತಿನಿಧಿಯಾಗಿ ಕೂರಲು ಚೂಕ್‌ಗೆ ತಮ್ಮ ಕರೆ ಇವತ್ತು ತಲುಪಿತು, ವಿಮಾನದ ಟಿಕೆಟ್ಟೂ ಬೇರೆಯೇ ಬಂದಿದೆ. ಮಂಡಿಗೆ ಐಸಿಟ್ಟುಕೊಂಡು ಎರಡೂ ಕಾಗದಗಳನ್ನು ಓದಿ ಅವನು ನನ್ನನ್ನು ಕೇಳಿದ: "ಆಂಟಿ, ಅವನನ್ನ ಉಳಿಸ್ಲಾ, ಕಳಿಸ್ಬಿಡ್ಲಾ? ಕಳಿಸಿದ್ರೆ ಪಾಪ, ಮಂಡಿಗಾದ್ರೂ ರಜಾ ಸಿಗುತ್ತೆ."