ಶನಿವಾರದ ಕಾರ್ಯಾಗಾರದಲ್ಲಿ ‘ಹೂಂ’ ಅನ್ನಲು ಅನುಮತಿ ಕೋರಿ

ಇಂದ,
ಕೌದಿ ಹೊಲಿಯುವ ಅಜ್ಜಿ,
ಸಮುದಾಯ ಭವನದ ಹಿಂದೆ, ನಲ್ಲಿಯ ಪಕ್ಕದ ಮನೆ.

ಗೆ,
ಮಾನ್ಯ ಮೇಲ್ವಿಚಾರಕರು,
ಹರೆಯದವರ ಆರೋಗ್ಯ ಶಿಕ್ಷಣ ಕಾರ್ಯಾಗಾರ ವಿಭಾಗ,
ಮೆಟ್ಟಿಲು ಹತ್ತಿದ ಮೇಲೆ ಎಡಗಡೆಯ ಕೋಣೆ.

ವಿಷಯ: ವಯೋಮಿತಿ ಮೀರಿದ್ದರೂ ಸದರಿ ಕಾರ್ಯಾಗಾರದಲ್ಲಿ ಕೂತು ‘ಹೂಂ’ ಅನ್ನಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ:
೧. ತಾವು ಭವನದ ಬಾಗಿಲಲ್ಲಿ ನಿಂತು ನೀಡಿದ ಮೌಖಿಕ ಆದೇಶ: “ಅಜ್ಜಿ, ಎದ್ದೇಳಿ ಆಚೆ.”
೨. ಅದಕ್ಕೆ ನಾನು ಸ್ಥಳದಲ್ಲೇ ಸಲ್ಲಿಸಿದ ಮೌಖಿಕ ಉತ್ತರ: “ಸೂಜಿ ಎಲ್ಲೋ ಬಿತ್ತು, ಹುಡುಕ್ಕೊಂಡು ಏಳ್ತೀನಿ, ಇರಪ್ಪ.”

ಮಾನ್ಯರೇ,

ದೇವರ ದಯೆಯಿಂದ ತಾವು ಕ್ಷೇಮವಾಗಿರುವಿರೆಂದು ನಂಬಿ, ಮೇಲ್ಕಂಡ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನಾನು ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವವಳು. ಕೌದಿಯನ್ನು ಪೂರ್ತಿ ಹಾಸಲು ನನ್ನ ಮನೆಯ ನೆಲ ಸಾಲದ ಕಾರಣ, ಕಾವಲುಗಾರನ ಒಪ್ಪಿಗೆ ಪಡೆದು ಭವನದ ಮೂಲೆಯಲ್ಲಿ ಕೂತು, ದೇವರನ್ನು ನೆನೆದು ಸೂಜಿಗೆ ದಾರ ಪೋಣಿಸಿ, ಕೆಲಸ ಮಾಡಿಕೊಂಡು ಬಂದಿರುತ್ತೇನೆ. ತಮ್ಮ ವಿಭಾಗ ಅಲ್ಲಿಗೆ ಬರುವ ಮೊದಲೇ ನಾನು ಅಲ್ಲಿದ್ದೆ. ಆದ್ದರಿಂದ ನಾನು ಕಾರ್ಯಾಗಾರದೊಳಗೆ ನುಗ್ಗಿದೆ ಎಂಬ ಆಕ್ಷೇಪಣೆಯನ್ನು, ಕಾರ್ಯಾಗಾರವೇ ನನ್ನ ಸುತ್ತ ಬಂದು ಕೂತಿತು ಎಂದು ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ.

೨. ಮೊದಲನೆಯ ಶನಿವಾರ ಗಂಡುಮಕ್ಕಳು ಬಲಕ್ಕೆ, ಹೆಣ್ಣುಮಕ್ಕಳು ಎಡಕ್ಕೆ, ನಡುವೆ ಒಂದು ಎಮ್ಮೆ ಕಾಲು ಚಾಚಿ ಮಲಗುವಷ್ಟು ಜಾಗ ಬಿಟ್ಟು ಕೂತಿದ್ದರು. ಪಾಠ ಹೇಳಲು ಆಸ್ಪತ್ರೆಯಿಂದ ಬಂದ ನರ್ಸಮ್ಮ ಚಿಕ್ಕ ವಯಸ್ಸಿನವರು, ಕೆಲಸಕ್ಕೂ ಹೊಸಬರು. ಅವರು ಗೋಡೆಗೆ ಚಿತ್ರಪಟ ತೂಗುಹಾಕಿದೊಡನೆ ಸಮಸ್ತ ಯುವಜನರ ದೃಷ್ಟಿ ಫ್ಯಾನಿನ ಕಡೆ ಹೋಯಿತು. ಫ್ಯಾನು ಕೆಟ್ಟು ನಿಂತಿತ್ತಾದರೂ ಅದನ್ನೇ ನೋಡಿದರು.

“ಇದು ಗರ್ಭಕೋಶ. ಇದು ಅಂಡಾಶಯ. ಅರ್ಥ ಆಗ್ತಿದೆಯಾ?” ಎಂದರು ನರ್ಸಮ್ಮ.

ಯಾರೂ ಉಸಿರೆತ್ತಲಿಲ್ಲ.

“ಏನಾದ್ರೂ ಅನ್ರಪ್ಪಾ. ಗೋಡೆಗೆ ಪಾಠ ಹೇಳಿದ ಹಾಗಾಗ್ತಿದೆ ನಂಗೆ.”

ಗೋಡೆಯೂ ಏನೂ ಅನ್ನಲಿಲ್ಲ. ನರ್ಸಮ್ಮನ ದನಿ ಕ್ರಮೇಣ ಬಾವಿಗಿಳಿಯಿತು. ಕಣ್ಣು ತುಂಬಿಕೊಂಡು ಚಿತ್ರಪಟ ಸುರುಳಿ ಸುತ್ತತೊಡಗಿದರು. ಆಗ ದಾರ ಕಡಿಯುತ್ತಿದ್ದ ನನ್ನ ಬಾಯಿಂದ, ನನ್ನ ಅಪ್ಪಣೆ ಕೇಳದೆ, ಒಂದು ಮಾತು ಹೊರಟಿತು: “ಹೂಂ, ಆಮೇಲೆ?”

ನರ್ಸಮ್ಮ ಸುರುಳಿ ಬಿಚ್ಚಿದರು.

೩. ಇದು ಉದ್ದೇಶಪೂರ್ವಕವಾಗಿ ನಡೆದದ್ದಲ್ಲ. ಕಥೆಯ ಮನೆಯಲ್ಲಿ ಬೆಳೆದ ಬಾಯಿಯ ಅಭ್ಯಾಸಬಲ. ನಮ್ಮ ತಾತ ಊಟವಾದ ಮೇಲೆ ಕಂಬಕ್ಕೆ ಒರಗಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಿರಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರಿ ಬಾವಿಗೆ ಬೀಳುತ್ತಿದ್ದರೆ ಮಾರನೆಯ ದಿನದವರೆಗೂ ಬೀಳುತ್ತಲೇ ಇರಬೇಕು. ಆದ ಕಾರಣ ಮಕ್ಕಳಲ್ಲೊಬ್ಬರನ್ನು ಹೂಂ ಅನ್ನುವುದಕ್ಕೆಂದೇ ನೇಮಿಸುತ್ತಿದ್ದರು. ಸದರಿ ಹುದ್ದೆಯಲ್ಲಿ ನಾನು ಮದುವೆಯಾಗುವವರೆಗೆ ಯಾವ ದೂರಿಗೂ ಆಸ್ಪದವಿಲ್ಲದಂತೆ ಸೇವೆ ಸಲ್ಲಿಸಿರುತ್ತೇನೆ.

೪. ಅಂದಿನಿಂದ ಕಾರ್ಯಾಗಾರ ಸುಸೂತ್ರವಾಗಿ ನಡೆಯಿತು.

“ಕೋಟಿಗಟ್ಟಲೆ ವೀರ್ಯಾಣುಗಳು ಹೊರಡ್ತವೆ. ಸಾಮಾನ್ಯವಾಗಿ ಒಂದೇ ಒಂದು ಅಂಡದ ಒಳಗೆ ಸೇರೋದು” ಎಂದರು ನರ್ಸಮ್ಮ.

“ಹೂಂ. ಉಳಿದವು ಏನಾಗ್ತವೆ ತಾಯಿ?”

“ದಾರೀಲೇ ಹೋಗಿಬಿಡ್ತವೆ ಅಜ್ಜಿ.”

ನಾನು ಸೂಜಿ ಕೆಳಗಿಟ್ಟು ಕೈಮುಗಿದೆ. ನಾನು ನಾಲ್ಕು ಹೆತ್ತವಳು. ನನ್ನ ಸಲುವಾಗಿ ಇಷ್ಟು ದೊಡ್ಡ ದಂಡು ಹೊರಟು, ಇಷ್ಟು ಮಂದಿ ದಾರಿಯಲ್ಲೇ ಮಡಿದರೆಂದು ಒಬ್ಬರೂ ನನಗೆ ತಿಳಿಸಿರಲಿಲ್ಲ. ನಾನು ಕೈಮುಗಿದದ್ದು ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಫ್ಯಾನನ್ನು ಬಿಟ್ಟು ಚಿತ್ರಪಟ ನೋಡಿದರು. ಬರುಬರುತ್ತಾ ಅವರೂ ಹೂಂ ಅನ್ನತೊಡಗಿದರು. ದರ್ಜಿಯ ಮಗ, ದನಿ ಒಡೆದದ್ದು ಸುಳ್ಳು ಹೇಳಿದ್ದಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ತಿಳಿದು ಮಾತೇ ಬಿಟ್ಟಿದ್ದವನು, ಒಂದೇ ಹೂಂನಲ್ಲಿ ತಂದೆಯ ದನಿಯನ್ನೂ ತಾಯಿಯ ದನಿಯನ್ನೂ ಹೊರಡಿಸಿದನು. ಗಂಡುಮಕ್ಕಳಿಗೆಲ್ಲ ಹಾಗಾಗುತ್ತದೆಂದು ನರ್ಸಮ್ಮ ಹೇಳಿದ ಮೇಲೆ ಅವನ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಎಮ್ಮೆಯ ಜಾಗ ಕರುವಿನಷ್ಟಾಯಿತು.

ಕಾಂಡೋಮಿನ ಪಾಠದ ದಿನ ನರ್ಸಮ್ಮ ಪೊಟ್ಟಣ ಹಿಡಿದು ತಡವರಿಸಿದಾಗ ಇಡೀ ಭವನವೇ “ಹೂಂ, ಆಮೇಲೆ?” ಎಂದಿತು. ಹೊರಗೆ ಸೈಕಲ್ ಒರೆಸುತ್ತಿದ್ದ ಕಾವಲುಗಾರನೂ ಅಂದನು. ಅವನಿಗೆ ಆರು ಮಕ್ಕಳು. ಅವನ ಹೂಂ ಬಹಳ ತಡವಾಗಿ ಬಂತೆಂದು ಅವನ ಹೆಂಡತಿ ನಲ್ಲಿಯ ಬಳಿ ಹೇಳಿಕೆ ನೀಡಿರುತ್ತಾಳೆ.

೫. ಹೀಗಿರುವಾಗ, ನರ್ಸಮ್ಮ ಹೆಣ್ಣುಮಕ್ಕಳ ಮುಟ್ಟಿನ ಪಾಠಕ್ಕೆ ಬಂದಿದ್ದರು. “ಪ್ರತಿ ತಿಂಗಳೂ ಗರ್ಭಕೋಶದ ಒಳಗೋಡೆಗೆ ಮೆತ್ತನೆ ಪದರ ಬೆಳೆಯುತ್ತೆ. ಮಗು ಬಂದ್ರೆ ಇರಲಿ ಅಂತ ಹಾಸಿಗೆ ಹಾಸಿಟ್ಟ ಹಾಗೆ. ಮಗು ಬರದೇ ಹೋದ್ರೆ...”

ಎಲ್ಲರೂ ಹೂಂ ಅನ್ನಲು ಬಾಯಿ ತೆರೆದಿದ್ದೆವು. ಅಷ್ಟರಲ್ಲಿ ತಪಾಸಣೆಗೆಂದು ತಮ್ಮ ಆಗಮನವಾಯಿತು. ಹದಿಮೂರರಿಂದ ಹತ್ತೊಂಬತ್ತರವರೆಗಿನವರು ಇರಬೇಕಾದ ಜಾಗದಲ್ಲಿ ನಾನಿರುವುದನ್ನು ತಾವು ಗಮನಿಸಿ, ಉಲ್ಲೇಖ ಒಂದರ ಆದೇಶ ಹೊರಡಿಸಿದಿರಿ. ಕಥೆ ಅಲ್ಲಿಗೇ ನಿಂತಿತು.

೬. ಮುಂದಿನ ಶನಿವಾರ ನರ್ಸಮ್ಮ “ಮಗು ಬರದೇ ಹೋದ್ರೆ” ಎಂದು ಆರಂಭಿಸಿ, ಮೂಲೆಯ ಕಡೆ ನೋಡಿ, ಬಿಸ್ಕೆಟ್ ಹಂಚಿ ಮನೆಗೆ ಕಳಿಸಿದರು. ಆಮೇಲಿನ ಶನಿವಾರವೂ ಬಿಸ್ಕೆಟ್ಟೇ. ನಡುವೆ ನರ್ಸಮ್ಮ ಕೇಳಿಕೊಂಡದ್ದಕ್ಕೆ ತಾವು ದೊಡ್ಡ ಮನಸ್ಸು ಮಾಡಿ ತಮ್ಮ ಜೀಪಿನ ಚಾಲಕನನ್ನು ಕಳಿಸಿ, ನನ್ನ ಹೂಂ ಅನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಂಡದ್ದು ನಿಜ. ಆದರೆ ಹೂಂ ಅನ್ನುವವರಿಗೆ ಕಥೆ ಕಿವಿಗೆ ಬೀಳುತ್ತಿರಬೇಕು. ಆ ಎರಡನೆಯ ಶನಿವಾರ ಚಾಲಕ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಾ ಫೋನಿನ ಗುಂಡಿ ಒತ್ತುತ್ತಿದ್ದನು. “ಇದೆಲ್ಲ ಪಾಪ, ಹೊಲಸು ಅಂತ ಯಾರಾದ್ರೂ ಅಂದ್ರೆ ನಂಬಬೇಕಾ?” ಎಂದು ನರ್ಸಮ್ಮ ಕೇಳಿದಾಗ ನನ್ನದೇ ದನಿ ಭವನ ತುಂಬುವಂತೆ “ಹೂಂ” ಎಂದಿತು. ಅದರ ಬೆನ್ನಿಗೇ ಚಾಲಕನ ಹೆಂಡತಿಯ ಕರೆ ಬಂದು, “ಎಲ್ಲಿ ಸತ್ತಿದೀರಾ? ಗ್ಯಾಸ್ ತರ್ತೀನಿ ಅಂತ ಹೋದೋರು!” ಎಂಬ ಪಾಠವನ್ನೂ ಮಕ್ಕಳು ಕೇಳಬೇಕಾಯಿತು.

ಇಷ್ಟಾದ ಮೇಲೆ ತಾವು “ಯುವಜನರಿಗೆ ಆಸಕ್ತಿ ಇಲ್ಲ, ಕೇಳಿದರೆ ಸುಮ್ಮನಿರುತ್ತಾರೆ, ಎಲ್ಲ ತಿಳಿದೇ ಇರಬೇಕು” ಎಂದು ವರದಿ ಬರೆದು, ಈ ತಿಂಗಳ ಕೊನೆಗೆ ಕಾರ್ಯಾಗಾರ ಮುಚ್ಚುವವರಿದ್ದೀರೆಂದು ತಿಳಿದುಬಂದಿದೆ. ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ ಎಂದು ನರ್ಸಮ್ಮ ಇದೇ ಕಾರ್ಯಾಗಾರದಲ್ಲಿ ಪಾಠ ಮಾಡಿದ್ದಾರೆ. ನನ್ನ ಮದುವೆಯ ಕಾಲದಲ್ಲಿ ನನ್ನ ಮೌನವನ್ನೇ ಹೂಂ ಎಂದು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದ್ದರಿಂದ ಈ ವಿಷಯದಲ್ಲಿ ನನಗೂ ಸ್ವಲ್ಪ ಅನುಭವವಿದೆ.

೭. ಈಗ ಮುಖ್ಯ ಸಂಗತಿ. ನಾನು ದೊಡ್ಡವಳಾದಾಗ ಅದೇನೆಂದು ನನಗೆ ಯಾರೂ ಹೇಳಿರಲಿಲ್ಲ. ರಕ್ತ ಕಂಡು, ನನ್ನ ಕಾಲ ಮುಗಿಯಿತೆಂದು ನಿಶ್ಚಯಿಸಿದೆ. ಅಮ್ಮನಿಗೆ ಹೇಳಿದರೆ ಅಳುತ್ತಾಳೆಂದು ಹೇಳಲಿಲ್ಲ. ದೇವರಿಗೆ ಕೈಮುಗಿದು, ನನ್ನ ಆಸ್ತಿಯನ್ನೆಲ್ಲ ಹಂಚಿದೆ: ಬಳಪದ ಡಬ್ಬಿ ತಮ್ಮನಿಗೆ, ರಿಬ್ಬನ್ ಪಕ್ಕದ ಮನೆಯವಳಿಗೆ, ಮರದ ಬಾಚಣಿಗೆ ತಂಗಿಗೆ. ಆಮೇಲೆ ಕೊಟ್ಟಿಗೆಗೆ ಹೋಗಿ ಹುಲ್ಲಿನ ಮೇಲೆ ನೀಟಾಗಿ ಮಲಗಿ ಸಾವಿಗೆ ಕಾದೆ. ಸಾವು ಬರಲಿಲ್ಲ, ಹುಲ್ಲು ಬೇಕಾಗಿದ್ದ ಹಸು ಬಂತು. ಕೆಲವು ದಿನಗಳಲ್ಲಿ ಗುಣವಾಗಿ ಎದ್ದು ಬಾಚಣಿಗೆ ಕೇಳಿದರೆ ತಂಗಿ, “ಸಾಯ್ತೀನಿ ಅಂತ ಕೊಟ್ಟೆಯಲ್ಲ. ಸತ್ತ ಮೇಲೆ ಬಂದು ಕೇಳು, ಹೋಗು” ಎಂದಳು.

ಕಳೆದ ವಾರ ನನ್ನ ಮೊಮ್ಮಗಳು, ನನ್ನ ಹಿರಿಮಗನ ಮಗಳು, ಈ ಕಾರ್ಯಾಗಾರದ ಮುಂದಿನ ಸಾಲಿನವಳು, ತನ್ನ ಬಣ್ಣದ ಪೆನ್ಸಿಲ್‌ಗಳನ್ನು ಪಕ್ಕದ ಮನೆಯ ಮಗುವಿಗೆ ಕೊಡುತ್ತಿದ್ದಳು. ಆ ಪೆನ್ಸಿಲ್‌ಗಳನ್ನು ಅವಳು ಸ್ವಂತ ಅಪ್ಪನಿಗೂ ಮುಟ್ಟಲು ಬಿಟ್ಟವಳಲ್ಲ. ನಾನು ಸೂಜಿ ಬದಿಗಿಟ್ಟು ಅವಳ ಬಳಿ ಹೋದೆ.

“ಯಾಕೆ ಪುಟ್ಟಿ, ಕೊಟ್ಟುಬಿಟ್ಟೆ?”

“ಸುಮ್ನೆ.”

“ನಿನ್ನ ಕೊಡೆ ಎಲ್ಲಿ?”

“ಅದನ್ನೂ ಕೊಟ್ಟೆ. ನಂಗಿನ್ನು ಬೇಕಾಗಲ್ಲ ಅಜ್ಜಿ.”

ಅವಳಿಗೆ ಅಮ್ಮ ಇದ್ದಾಳೆ, ಅತ್ತೆ ಇದ್ದಾಳೆ, ನಾನಿದ್ದೇನೆ. ಆದರೂ ಸಾಯಲು ಒಬ್ಬಳೇ ಹೊರಟಿದ್ದಳು. “ಹಾಸಿಗೆ ಹಾಸಿತ್ತಂತೆ, ಮಗು ಬರಲಿಲ್ಲ. ಅದಕ್ಕೆ ನನ್ನ ಒಳಗೆ ಏನೋ ಹರಿದುಹೋಗಿದೆ” ಎಂದು ಅರ್ಧ ಕಥೆಗೆ ತಾನೇ ಮುಕ್ತಾಯ ಕಟ್ಟಿಕೊಂಡಿದ್ದಳು. “ನನಗೂ ಹೀಗೇ ಆಗಿತ್ತು, ಸಾಯಲ್ಲ ಕಣೇ” ಎಂದೆ. “ಮತ್ತೆ ರಕ್ತ ಯಾಕೆ ಬರುತ್ತೆ?” ಎಂದಳು. ನನಗೂ ಗೊತ್ತಿದ್ದದ್ದು ಅರ್ಧ ಕಥೆಯೇ.

೮. ಆದ ಕಾರಣ ಅವಳನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ನರ್ಸಮ್ಮ ಔಷಧಿ ಕೊಡುವ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡು “ಮಗು ಬರದೇ ಹೋದ್ರೆ” ಎಂದು ನಿಂತರು. ನಾನು ಹೂಂ ಅಂದೆ.

“ಆ ಹಾಸಿಗೆ ಆ ತಿಂಗಳಿಗೆ ಬೇಡ. ಗರ್ಭಕೋಶ ಅದನ್ನ ಬಿಚ್ಚಿ ಹೊರಗೆ ಕಳಿಸುತ್ತೆ. ಅದೇ ಮುಟ್ಟು. ಆಮೇಲೆ ಹೊಸದಾಗಿ ಹಾಸೋಕೆ ಶುರು ಮಾಡುತ್ತೆ.”

“ತಿಂಗಳು ತಿಂಗಳೂ ಹೊಸ ಕೌದಿಯಾ? ಹಳೇದನ್ನ ಒಗೆದು ಮಡಿಸಿಡಬಾರದಾ ತಾಯಿ?” ಎಂದೆ. ಕಸುಬಿನವಳಾಗಿ ನನಗೆ ಸಂಕಟವಾಯಿತು.

“ಸೃಷ್ಟಿ ಮಾಡಿದವನನ್ನ ಕೇಳಿ ಅಜ್ಜಿ” ಎಂದರು ನರ್ಸಮ್ಮ. ದಿನವೂ ಕೇಳುತ್ತಿದ್ದೇನೆ, ಉತ್ತರ ಬಂದೊಡನೆ ತಮ್ಮ ಅವಗಾಹನೆಗೆ ತರಲಾಗುವುದು.

ಮೊಮ್ಮಗಳು ಇಬ್ಬರನ್ನೂ ನೋಡಿ, “ಹಂಗಾದ್ರೆ ನಾನು ಸಾಯಲ್ವಾ?” ಎಂದಳು.

“ಇಲ್ಲ ಪುಟ್ಟಿ. ಹೊಟ್ಟೆನೋವು ತಡೆಯೋಕಾಗದಷ್ಟಿದ್ರೆ ನನ್ನ ಹತ್ರ ಬಾ” ಎಂದರು ನರ್ಸಮ್ಮ.

ಅವಳು “ಪೆನ್ಸಿಲ್ ವಾಪಸ್ ತಗೋಬೇಕು” ಎಂದು ಎದ್ದಳು. ಕೆಂಪು ಪೆನ್ಸಿಲ್ ಬಿಟ್ಟು ಉಳಿದವು ಸಿಕ್ಕಿರುತ್ತವೆ. ಈ ಅರ್ಜಿಯನ್ನು ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ, ನಡುನಡುವೆ ಹೂಂ ಅನ್ನುತ್ತಿದ್ದಾಳೆ.

೯. ಆದರೆ ಭವನದಲ್ಲಿ ಅರ್ಧ ಕಥೆ ಕೇಳಿದವರು ಅವಳೊಬ್ಬಳೇ ಅಲ್ಲ. ಈಚೆಗೆ ನಮ್ಮ ಬೀದಿಯಲ್ಲಿ ದಾನಧರ್ಮ ಹೆಚ್ಚಾಗಿದೆ. ಬಡಗಿಯ ಮಗಳು ಬಳೆ ಕೊಟ್ಟಿದ್ದಾಳೆ. ಹಾಲಿನವನ ಮಗಳು ಸಾಕಿದ ಬೆಕ್ಕನ್ನು ಯಾರಿಗಾದರೂ ಒಪ್ಪಿಸಲು ಓಡಾಡುತ್ತಿದ್ದಾಳೆ. ದೊಡ್ಡವರು “ಎಷ್ಟು ಒಳ್ಳೆ ಮಕ್ಕಳು!” ಎಂದು ಮೆಚ್ಚುತ್ತಿದ್ದಾರೆ. ನನಗೆ ಮಾತ್ರ ಅವರ ಒಳ್ಳೆಯತನ ಕಂಡು ನಿದ್ದೆ ಹತ್ತುತ್ತಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

(ಅ) ಕಾರ್ಯಾಗಾರ ಮುಚ್ಚುವ ವಿಚಾರ ಕೈಬಿಟ್ಟು, ಬರುವ ಶನಿವಾರವೇ “ಮಗು ಬರದೇ ಹೋದ್ರೆ” ಎಂಬಲ್ಲಿಂದ ಮುಂದುವರಿಸಲು ಅಪ್ಪಣೆ ನೀಡಬೇಕು.

(ಆ) ನನ್ನನ್ನು ಮೂಲೆಯಲ್ಲಿ ಕೂತು ಹೂಂ ಅನ್ನಲು ಬಿಡಬೇಕು. ಸಂಬಳ ಬೇಡ. ವಯೋಮಿತಿ ಅಡ್ಡಬಂದರೆ, ತಿಳಿಯಬೇಕಾದ ವಯಸ್ಸಿನಲ್ಲಿ ತಿಳಿಸದೆ ಬಿಟ್ಟದ್ದರಿಂದ ನನ್ನನ್ನು ಈಗಲೂ ಹದಿಮೂರರವಳೆಂದೇ ಪರಿಗಣಿಸಬೇಕು.

(ಇ) ನನ್ನ ಪಕ್ಕದಲ್ಲಿ ನನ್ನ ತಂಗಿಗೂ ಒಂದು ಜಾಗ ಕೊಡಬೇಕು. ಅವಳು ಹಿಂದಿನ ಬೀದಿಯಲ್ಲೇ ಇದ್ದಾಳೆ, ಮೊಮ್ಮಕ್ಕಳನ್ನು ಕಂಡವಳು. ನಾನು ಅಂದು ಸಾಯುತ್ತಿರಲಿಲ್ಲ ಎಂಬುದನ್ನು ಇಲಾಖೆಯವರ ಬಾಯಿಂದ, ಚಿತ್ರಪಟದ ಸಮೇತ, ಅವಳು ಕೇಳಿಸಿಕೊಳ್ಳಬೇಕಾಗಿದೆ.

ತಮ್ಮ ವಿಶ್ವಾಸಿ,
ಕೌದಿ ಹೊಲಿಯುವ ಅಜ್ಜಿ
(ಹೆಬ್ಬೆಟ್ಟಲ್ಲ, ಸ್ವಂತ ಸಹಿ)

ಲಗತ್ತುಗಳು:
೧. ನರ್ಸಮ್ಮನ ಒಪ್ಪಿಗೆ. ಬಾಯಿಮಾತಿನದು, ಕೇಳಿದರೆ ಹೂಂ ಅನ್ನುತ್ತಾರೆ.
೨. ಒಂದು ಚಿಕ್ಕ ಕೌದಿ. ತಮ್ಮ ಕುರ್ಚಿಗೆ ಹಾಸಿಕೊಳ್ಳಲು. ಇದು ಲಂಚವಲ್ಲ, ಪಾಠೋಪಕರಣ; ತಿಂಗಳ ಕೊನೆಗೆ ಬಿಚ್ಚತಕ್ಕದ್ದು.
೩. ಹಾಲಿನವನ ಮಗಳ ಬೆಕ್ಕು. ಪಾಠ ಮುಗಿಯುವವರೆಗೆ ತಮ್ಮ ವಶದಲ್ಲಿ ಇಟ್ಟುಕೊಂಡು, ಮುಗಿದ ಕೂಡಲೇ ಅವಳಿಗೆ ಮರಳಿಸಬೇಕಾಗಿ ಕೋರಿದೆ.

ವಿಶೇಷ ಸೂಚನೆ: ಪಾಠ ಪೂರ್ತಿ ಕೇಳಿದ ಮೇಲೂ ನನ್ನ ತಂಗಿ ಸುಮ್ಮನೇ ಕೂತಿದ್ದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳದೆ, ಅವಳ ಬಾಯಿಂದ ಸ್ಪಷ್ಟವಾಗಿ ‘ಹೂಂ’ ಅನ್ನಿಸಿ, ಸದರಿ ಬಾಚಣಿಗೆಯನ್ನು ಅರ್ಜಿದಾರಳಿಗೆ ಕೊಡಿಸಬೇಕಾಗಿ ವಿನಂತಿ. ತಲೆಯಲ್ಲಿ ಇನ್ನೂ ಸ್ವಲ್ಪ ಕೂದಲಿದೆ.