ಅಜ್ಜಿಯ ಹರಕೆ, ಚಿಕ್ಕಪ್ಪನ ಮೀಸೆ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಕಟ್ಟಿಕೊಂಡದ್ದು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕಣ್ಣಾರೆ ಕಂಡದ್ದನ್ನೂ ಸುಲಭವಾಗಿ ನಂಬಬಾರದೆಂದು ಕಾಲೇಜಿನಲ್ಲಿ ಕಲಿತು, ಆ ಪಾಠವನ್ನು ನನ್ನ ನೆನಪಿನ ಮೇಲೇ ಪ್ರಯೋಗಿಸಿ ಕೆಟ್ಟವನು ನಾನು. ಆದರೆ ಒಂದು ಮಾತನ್ನು ನಮ್ಮ ಮನೆಯವರೆಲ್ಲ ಒಪ್ಪುತ್ತಾರೆ: ನಮ್ಮಜ್ಜಿಯಷ್ಟು ಧಾರಾಳವಾಗಿ ಹರಕೆ ಹೊತ್ತವರು ಕಡೂರು ಸೀಮೆಯಲ್ಲೇ ಇರಲಿಲ್ಲ. ಹೊರುವವಳು ಅವಳು, ತೀರಿಸುವವರು ಬೇರೆಯವರು!

ಹಾಗೆಂದು ಸೋಮಾರಿ ಎಂದುಕೊಳ್ಳಬೇಡಿ. ಯಗಟಿ ಕಡೆಯ ಹೊಲಮನೆ ನಮ್ಮದು. ಕೋಳಿ ಕೂಗುವ ಮೊದಲೇ ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂತಿರುತ್ತಿದ್ದಳು. ಕೊಟ್ಟಿಗೆ, ಅಡಿಗೆ, ಸೊಸೆಯಂದಿರ ಬಾಣಂತನ, ಎಲ್ಲಕ್ಕೂ ಅವಳೇ. ರಾಗಿ ಬೀಸುತ್ತಲೇ ನಮ್ಮ ಮನೆದೇವರು ಬೆಟ್ಟದ ರಂಗಪ್ಪನ ಜೊತೆ ವ್ಯವಹಾರ ನಡೆಯುತ್ತಿತ್ತು.

ಒಮ್ಮೆ ಹಸು ಈಯಲಾರದೆ ಒದ್ದಾಡಿತು. ಅಜ್ಜಿ ಸೆರಗೊಡ್ಡಿ, "ನೋಡಪ್ಪಾ ರಂಗಪ್ಪ, ಹಸ ಸುಸೂತ್ರವಾಗಿ ಈದ್ರೆ ನಮ್ ಚಿಕ್ಕೋನ ಮೀಸೆ ನಿಂದು" ಅಂದಳು. ಹಸು ಈದಿತು. ಚಿಕ್ಕಪ್ಪ ಹರಳೆಣ್ಣೆ ತೀಡಿ ಸಾಕಿದ್ದ ಮೀಸೆ! ಹಸುವಿಗಿಂತ ಹೆಚ್ಚು ಆರೈಕೆ ಕಂಡಿದ್ದ ಮೀಸೆ!

"ಅವ್ವಾ, ಹಸ ನಿಂದು, ಕರ ನಿಂದು. ಮೀಸೆ ಮಾತ್ರ ನಂದಾ?"

"ಮೀಸೆ ಮತ್ತೆ ಬತ್ತೈತೆ ಕಣೋ. ಹಸ ಬತ್ತೈತಾ?"

ಮೀಸೆ ಹೋಯಿತು. ಮುಂದಿನ ಸರದಿ ತರೀಕೆರೆ ಮಾವನದು. ಅವರು ರೈಲ್ವೆ ಗುಮಾಸ್ತರು, ನಮ್ಮ ಅತ್ತೆಯ ಗಂಡ. ಹಬ್ಬದೂಟಕ್ಕೆಂದು ಕೋಟು ಹಾಕಿಕೊಂಡು ಬಂದರೆ, ಅಜ್ಜಿ ಬಾಗಿಲಲ್ಲೇ, "ಅಳಿಯಂದ್ರೇ, ಊಟಕ್ ಮುಂಚೆ ಒಂದ್ ಸಣ್ ಕೆಲ್ಸ ಐತೆ" ಅಂದಳು. ಮಳೆ ಬಂದರೆ ಅಳಿಯ ಗುಡಿ ಸುತ್ತ ಉರುಳುಸೇವೆ ಮಾಡುತ್ತಾನೆಂದು ಅವಳು ಹೊತ್ತಾಗಿತ್ತು.

"ನನ್ನನ್ನೊಂದು ಮಾತು ಕೇಳಬಾರದಿತ್ತೇ ಅತ್ತೆ?"

"ಕೇಳಿದ್ರೆ ನೀವು ಒಪ್ತಿದ್ರಾ?"

ಮಳೆ ಚೆನ್ನಾಗಿಯೇ ಬಂದಿತ್ತು. ಗುಡಿಯ ಅಂಗಳವೆಲ್ಲ ಕೆಸರು!

ಮೀಸೆ ಕಳೆದುಕೊಂಡ ಚಿಕ್ಕಪ್ಪ ಒಂದು ದಿನ ಕೇಳಿಯೇಬಿಟ್ಟ. "ನಿಂದು ಅಂತ ಏನಾದ್ರೂ ಯಾವತ್ತಾದ್ರೂ ಆ ದೇವ್ರಿಗೆ ಕೊಟ್ಟಿದೀಯೇನವ್ವಾ?"

"ನಂದೇನೈತೋ ಕೊಡಕ್ಕೆ? ಎಲ್ಲಾ ಹಳೇದು. ದೇವ್ರಿಗೆ ಹಳೇದ್ ಕೊಡಕ್ಕಾಯ್ತದಾ?"

ಅದೂ ಪೂರ್ತಿ ನಿಜವಲ್ಲ. ಅಜ್ಜಿಗೊಂದು ಚಪಲವಿತ್ತು: ಅವರೆಕಾಯಿ. ರಾಗಿಯ ಸಾಲಿನ ನಡುವೆ ಬೆಳೆದ, ಇಬ್ಬನಿಗೆ ಸೊಗಡು ಕಟ್ಟಿದ ಅವರೆ ಬಂತೆಂದರೆ ಅವಳ ಜಪದ ಲೆಕ್ಕ ತಪ್ಪುತ್ತಿತ್ತು. ಹಿತುಕಿದ ಬೇಳೆಯ ಸಾರು ಒಲೆಯ ಮೇಲಿದ್ದರೆ ರಂಗಪ್ಪನ ಮಂಗಳಾರತಿಯೇ ಅವಸರದಲ್ಲಿ ಮುಗಿಯುತ್ತಿತ್ತು.

ಇಂಥ ಮನೆಗೆ ನಾನು ರಜೆಯಲ್ಲಿ ಬಂದೆ, ತಲೆಯ ಮೇಲೆ ಹೊಸ ಕ್ರಾಪು, ಒಳಗೆ ಹೊಸ ತರ್ಕಶಾಸ್ತ್ರ.

"ಅಜ್ಜಿ, ದೇವರಿದ್ದಾನೆ ಅನ್ನೋದಕ್ಕೆ ಪುರಾವೆ ಏನು?"

"ಅವ್ನಿಲ್ದೆ ಹೋದ್ರೆ ನಿಮ್ ಚಿಕ್ಕಪ್ಪನ ಮೀಸೆ ಯಾರೋ ತಗಂಡ್ರು?"

ನಾನು ತರ್ಕಶಾಸ್ತ್ರದ ಪುಸ್ತಕ ಮಡಚಿಟ್ಟು ಊಟಕ್ಕೆದ್ದೆ.

ಅದೇ ರಜೆಯಲ್ಲಿ ನನಗೆ ವಿಷಮಜ್ವರ ಬಂತು. ಕಡೂರಿನಿಂದ ಗಾಡಿಯಲ್ಲಿ ಬಂದ ಡಾಕ್ಟರು ಮಿಕ್ಸ್ಚರ್ ಕೊಟ್ಟು, ನನ್ನ ಅಪ್ಪನನ್ನು ಹೊರಗೆ ಕರೆದು ಏನೋ ಹೇಳಿದರು. ಅಮ್ಮ ಅಳುತ್ತಿದ್ದಳು. ಅಜ್ಜಿ ತಲೆದೆಸೆಯಲ್ಲಿ ಕೂತು ರಂಗಪ್ಪನ ಜೊತೆ ಪಿಸುಗುಡುತ್ತಿದ್ದಳು. ಕೇಳಿಸಲಿಲ್ಲ, ಅಥವಾ ಕೇಳಿಸಿ ಮರೆತೆನೋ. ಆ ತಾಪದಲ್ಲೂ ನನಗಿದ್ದ ಯೋಚನೆ ಒಂದೇ: ಕ್ರಾಪು ಹೋಯಿತು!

ಜ್ವರ ಇಳಿಯಿತು. ತಲೆ ಮುಟ್ಟಿಕೊಂಡೆ, ಕ್ರಾಪು ಇತ್ತು. ಕ್ಷೌರಿಕ ಓಣಿಯಲ್ಲಿ ಹಾದರೂ ತಲೆಯ ಮೇಲೆ ಕಂಬಳಿ ಎಳೆದುಕೊಳ್ಳುತ್ತಿದ್ದೆ. ಯಾರೂ ಬೆಟ್ಟಕ್ಕೆ ಕರೆಯಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅಜ್ಜಿ, ನನ್ನ ತಲೆ ಹರಕೆ ಹೊತ್ತಿಲ್ಲವೇ?"

"ಆ ಹುಲ್ಲ್ ಕಟ್ಕಂಡು ರಂಗಪ್ಪ ಏನ್ ಮಾಡ್ತಾನೋ? ಸುಮ್ಕೆ ಗಂಜಿ ಕುಡಿ."

ನನ್ನನ್ನು ಉಳಿಸಿದ್ದು ಮಿಕ್ಸ್ಚರೇ ಎಂದು ತೀರ್ಮಾನಿಸಿದೆ. ಈಗಲೂ ಹಾಗೆಯೇ ಅನ್ನುತ್ತೇನೆ.

ಆಮೇಲಿನ ಅವರೆ ಕಾಲಗಳಲ್ಲಿ ಅಜ್ಜಿ ಎಂದಿನಂತೆ ದಿನವಿಡೀ ಸುಲಿಯುತ್ತಿದ್ದಳು, ಹಿತುಕುತ್ತಿದ್ದಳು, ಸಾರು ಕುದಿಸಿ ಸೌಟನ್ನು ಅಮ್ಮನತ್ತ ಚಾಚಿ, "ಉಪ್ಪು ನೋಡೇ, ನನ್ ನಾಲಿಗೆ ಸತ್ತೈತೆ" ಅನ್ನುತ್ತಿದ್ದಳು. ಮುಪ್ಪು ಎಂದುಕೊಂಡೆ. ನನ್ನ ಮದುವೆಯಲ್ಲಿ ಅವಳು ಹಿತುಕವರೆ ಸಾರು ಸೊರಸೊರನೆ ಸುರಿದು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯಬೇಕೆಂದೂ ಇದ್ದೆ.

ಬರೆಯುವ ಮುಂಚೆ, ಆ ಊಟ ನೆನಪಿದೆಯೇ ಎಂದು ತರೀಕೆರೆ ಅತ್ತೆಯನ್ನು ಕೇಳಿದೆ. ಒಂದು ಸಾಕ್ಷಿ ಸಾಲದೆಂದು, ಅಜ್ಜಂಪುರದಲ್ಲಿ ಮಗಳ ಮನೆ ಸೇರಿದ್ದ ಚಿಕ್ಕಪ್ಪನನ್ನು ಬೇರೆಯಾಗಿ ಕೇಳಿದೆ. ಚಿಕ್ಕಪ್ಪ ಮತ್ತೆ ಬೆಳೆದ ಬಿಳಿ ಮೀಸೆ ಸವರಿಕೊಂಡು, "ಅವತ್ತು ನಿನ್ ತಲೆದೆಸೇಲಿ ಅವ್ವ ಹೊತ್ಕಂಡಿದ್ದು ಅದೇ ಅಲ್ವೇನೋ. ನಿಂಗೊತ್ತಿಲ್ವಾ?" ಅಂದ.

ನನ್ನ ನೆನಪು ಸುಳ್ಳು. ಇಬ್ಬರ ಮಾತೂ ಒಂದೇ: ನನಗೆ ಜ್ವರ ಬಿಟ್ಟಂದಿನಿಂದ ಸಾಯುವವರೆಗೂ ನಮ್ಮಜ್ಜಿ ಒಂದು ಅವರೆಕಾಳನ್ನೂ ಬಾಯಿಗಿಡಲಿಲ್ಲ.